ಆಫ್ರಿಕಾದ ಸಂಗೀತ ಅಮೆರಿಕ ಖಂಡಗಳಲ್ಲಿ ಬೇರುಬಿಟ್ಟ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಾಝ್, ಬ್ಲೂಸ್, ಸಾಂಬಾ, ಸಾಲ್ಸಾ, ರೆಗೆ, ಹಿಪ್‌ಹಾಪ್ ಯಾವುದರ ಮಾತು ಬಂದರೂ "ಇದರ ಬೇರು ಆಫ್ರಿಕಾದಲ್ಲಿದೆ" ಅಂತ ಒಂದು ಸಾಲು ಹೇಳಿ ಮುಂದೆ ಹೋಗಿಬಿಡುವುದು ರೂಢಿ. ಆಫ್ರಿಕಾದಲ್ಲಿ ಎಲ್ಲಿ, ಏನು ಹೋಯಿತು, ಹೇಗೆ ಹೋಯಿತು, ಅಲ್ಲಿ ಹೋಗಿ ಏನಾಯಿತು ಅಂತ ಕೇಳಿದರೆ ಮಾತು ನಿಂತುಬಿಡುತ್ತದೆ. ಅಂಥ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಲ್ಲಿ ಅಮೆರಿಕ ಅಂದರೆ ಬರೀ ಯುಎಸ್ ಅಲ್ಲ. ಎರಡೂ ಖಂಡಗಳು, ನಡುವಿನ ಕೆರಿಬಿಯನ್ ದ್ವೀಪಗಳು ಎಲ್ಲ ಸೇರಿ.

ಎಷ್ಟು ಜನರನ್ನು ಸಾಗಿಸಿದರು? ಎಲ್ಲಿಗೆ?

1500ರ ದಶಕದಿಂದ 1860ರ ದಶಕದವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಗುಲಾಮರ ಹಡಗುಗಳಿಗೆ ಹತ್ತಿಸಿದರು. ಆಚೆ ದಡದಲ್ಲಿ ಜೀವಸಹಿತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಉಳಿದವರು ದಾರಿಯಲ್ಲೇ ಸತ್ತರು.

ಈ ಲೆಕ್ಕದ ಒಳಗೆ ಇನ್ನೊಂದು ಲೆಕ್ಕ ಇದೆ. ಈಗಿನ ಯುಎಸ್‌ಗೆ ಆಫ್ರಿಕಾದಿಂದ ನೇರವಾಗಿ ಬಂದವರು 4 ಲಕ್ಷಕ್ಕೂ ಕಡಿಮೆ. ಬ್ರೆಜಿಲ್ ಒಂದಕ್ಕೇ ಸುಮಾರು 48 ಲಕ್ಷ ಜನ. ಕೆರಿಬಿಯನ್ ದ್ವೀಪಗಳಿಗೂ ಅದೇ ರೀತಿ ಲಕ್ಷಾಂತರ ಜನ. ಹಾಗಾಗಿ ನ್ಯೂಯಾರ್ಕ್, ಷಿಕಾಗೊ ಕಡೆಗೇ ನೋಡುತ್ತಾ ಕೂತರೆ ಕಥೆಯ ದೊಡ್ಡ ಪಾಲು ತಪ್ಪಿಹೋಗುತ್ತದೆ. ಬ್ರೆಜಿಲ್‌ನ ಸಾಲ್ವದೋರ್, ರಿಯೊ, ಕ್ಯೂಬಾದ ಹವಾನಾ, ಮತಾನ್ಸಾಸ್, ಜಮೈಕಾದ ಕಿಂಗ್‌ಸ್ಟನ್, ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್: ಈ ಊರುಗಳ ಹೆಸರು ಮೊದಲು ನೆನಪಿಟ್ಟುಕೊಳ್ಳಿ.

"ಆಫ್ರಿಕನ್ ಸಂಗೀತ" ಅಂತ ಒಂದೇ ಸಂಗೀತ ಇದೆಯಾ?

ಇಲ್ಲ. ಖಂಡ ಅಷ್ಟು ದೊಡ್ಡದು. ಗುಲಾಮರನ್ನು ತಂದ ಪ್ರದೇಶಗಳನ್ನಷ್ಟೇ ತೆಗೆದುಕೊಂಡರೂ ಕನಿಷ್ಠ ಮೂರು ಬೇರೆ ಬೇರೆ ಲೋಕಗಳು ಕಾಣುತ್ತವೆ. ಸೆನೆಗಲ್, ಗ್ಯಾಂಬಿಯಾ, ಮಾಲಿ ಕಡೆ ತಂತಿವಾದ್ಯಗಳದ್ದೇ ಜೋರು; ವಂಶಪಾರಂಪರ್ಯವಾಗಿ ಹಾಡುವ, ರಾಜರ ಕಥೆ ಹೇಳುವ ಮನೆತನಗಳು ಅಲ್ಲಿವೆ. ಈಗಿನ ಘಾನಾ, ಬೆನಿನ್, ನೈಜೀರಿಯಾ ಕರಾವಳಿಯಲ್ಲಿ ಎವೆ, ಫೋನ್, ಯೊರುಬಾ ಜನರ ಡೋಲು ಮೇಳಗಳು, ಕಬ್ಬಿಣದ ಗಂಟೆಗಳು. ಕೆಳಗೆ ಕಾಂಗೊ, ಅಂಗೋಲಾದಲ್ಲಿ ಇನ್ನೊಂದು ಬಗೆ: ಒಂದೇ ತಂತಿಯ ಬಿಲ್ಲು, ಹೆಬ್ಬೆರಳಲ್ಲಿ ಮೀಟುವ ಲೋಹದ ಪಟ್ಟಿಗಳ ವಾದ್ಯ, ಅಂಗೈಯಲ್ಲಿ ಬಡಿಯುವ ಉದ್ದನೆಯ ಡೋಲು.

ಯಾವ ಕಡೆಯ ಜನ ಎಲ್ಲಿಗೆ ಹೆಚ್ಚಾಗಿ ಬಂದರೋ ಅಲ್ಲಿಯ ಸಂಗೀತ ಆ ಕಡೆಗೆ ವಾಲಿತು. ಕಪೊಯೆರಾ ಅನ್ನುವ ಬ್ರೆಜಿಲ್‌ನ ಕುಣಿತದಂಥ ಕಾಳಗದ ಆಟದಲ್ಲಿ ನುಡಿಸುವ ಬೆರಿಂಬಾವ್ ಅಂಗೋಲಾದ ಬಿಲ್ಲುವಾದ್ಯಗಳ ಸಂತಾನ. ಕ್ಯೂಬಾದ ಬಟಾ ಡೋಲುಗಳು ಯೊರುಬಾದವು. ಯುಎಸ್‌ನ ಬ್ಯಾಂಜೊ ಸೆನೆಗಲ್, ಗ್ಯಾಂಬಿಯಾ ಕಡೆಯದು.

ಕೈಗೆ ಸಂಕೋಲೆ ಹಾಕಿ ತಂದವರು ಸಂಗೀತವನ್ನು ಹೇಗೆ ತಂದರು?

ವಾದ್ಯ ಹೊತ್ತು ತಂದದ್ದು ತೀರಾ ಕಡಿಮೆ. ಕೆಲವು ಹಡಗುಗಳಲ್ಲಿ ಸರಕು ಕೆಡದಿರಲಿ ಅನ್ನುವ ಲೆಕ್ಕಾಚಾರದಲ್ಲಿ ಗುಲಾಮರನ್ನು ಮೇಲಿನ ಅಟ್ಟಕ್ಕೆ ಕರೆತಂದು, ಚಾಟಿ ತೋರಿಸಿ ಕುಣಿಸುತ್ತಿದ್ದರು. ಅದಕ್ಕೆಂದು ಡೋಲು ಇಟ್ಟುಕೊಂಡ ಕಪ್ತಾನರೂ ಇದ್ದರು.

ದಾಟಿದ್ದು ಮುಖ್ಯವಾಗಿ ಸಂಗೀತ ಕಟ್ಟುವ ಅಭ್ಯಾಸ. ಒಬ್ಬರು ಸೊಲ್ಲು ಎತ್ತುವುದು, ಉಳಿದವರು ಅದನ್ನು ತಿರುಗಿಸಿ ಹೇಳುವುದು. ಎರಡು ಮೂರು ಲಯಗಳನ್ನು ಒಂದರ ಮೇಲೊಂದು ಇಟ್ಟು ಎಲ್ಲವನ್ನೂ ಒಟ್ಟಿಗೆ ಓಡಿಸುವುದು. ಒಂದು ಗಂಟೆ ಅಥವಾ ಕೋಲಿನ ಸದ್ದು ಹಾಡಿನ ಉದ್ದಕ್ಕೂ ಬದಲಾಗದೆ ನಡೆಯುವುದು. ಶುದ್ಧ ನಾದಕ್ಕಿಂತ ಗುಂಯ್‌ಗುಡುವ, ಗಲಗಲ ಅನ್ನುವ ನಾದ ಇಷ್ಟಪಡುವುದು. ನೋಡುವವರು, ಮಾಡುವವರು ಅಂತ ಗೆರೆ ಎಳೆಯದಿರುವುದು. ಇವನ್ನು ಯಾವ ಕಸ್ಟಮ್ಸ್‌ನವರೂ ಕಿತ್ತುಕೊಳ್ಳಲು ಆಗುವುದಿಲ್ಲ ಅಲ್ವಾ?

ಆ ಲಯದ ವಿಷಯ ಸ್ವಲ್ಪ ಬಿಡಿಸಿ ಹೇಳಿ. ಸಂಗೀತ ಕಲಿಯದವರಿಗೆ ಅರ್ಥ ಆಗುತ್ತಾ?

ಬಾಯಲ್ಲೇ ಹೇಳಿ ನೋಡಬಹುದು. ಕೊನ್ನಕೋಲ್ ಅಕ್ಷರಗಳನ್ನು ಕೇಳಿದ ಕನ್ನಡದವರಿಗೆ ಇದು ಸುಲಭ.

ಒಂದೇ ವೇಗದಲ್ಲಿ "ತಕಿಟ ತಕಿಟ ತಕ" ಅನ್ನಿ. ಮೂರು, ಮೂರು, ಎರಡು. ಒಟ್ಟು ಎಂಟು ಅಕ್ಷರ. ಪ್ರತಿ ಸಲ "ತ" ಬಂದಾಗ ಚಪ್ಪಾಳೆ ತಟ್ಟಿ. ಕಾಲಲ್ಲಿ ಮಾತ್ರ ನಾಲ್ಕು ನಾಲ್ಕು ಅಕ್ಷರಕ್ಕೊಂದು ಹೆಜ್ಜೆ ಹಾಕಿ. ಎರಡನೇ ಚಪ್ಪಾಳೆ ಹೆಜ್ಜೆಗಿಂತ ಒಂದೇ ಒಂದು ಅಕ್ಷರ ಮುಂಚೆ ಬೀಳುತ್ತದೆ. ಆ ಎಡವಿದಂತಾಗುವ ಜಾಗದಲ್ಲೇ ಸೊಂಟ ಆಡುವುದು. ಕ್ಯೂಬಾದ ಹಬನೇರಾ, ನ್ಯೂ ಆರ್ಲಿಯನ್ಸ್‌ನ ಬೀದಿ ಬ್ಯಾಂಡ್‌ಗಳು, ಈಗಿನ ರೆಗೆಟಾನ್ ಎಲ್ಲದರ ಒಳಗೂ ಇದೇ ಮೂರು-ಮೂರು-ಎರಡು ಓಡುತ್ತಿರುತ್ತದೆ. ಈಚಿನ ಸಿನಿಮಾ ಹಾಡುಗಳಲ್ಲೂ ಕಿವಿಗೊಟ್ಟರೆ ಸಿಗುತ್ತದೆ.

ಈಗ ಇನ್ನೊಂದು. "ತಕಿಟ ತಕಿಟ ತಕದಿಮಿ ತಕ ತಕದಿಮಿ". ಮೂರು, ಮೂರು, ನಾಲ್ಕು, ಎರಡು, ನಾಲ್ಕು; ಒಟ್ಟು ಹದಿನಾರು. ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಚಪ್ಪಾಳೆ, ಐದು ಚಪ್ಪಾಳೆ. ಇದೇ ಕ್ಯೂಬಾದ ಸೊನ್ ಕ್ಲಾವೆ. ಎರಡು ಗಟ್ಟಿ ಮರದ ಕೋಲುಗಳನ್ನು ಒಂದಕ್ಕೊಂದು ಬಡಿದು ನುಡಿಸುತ್ತಾರೆ. ಹಾಡು, ಪಿಯಾನೊ, ತುತ್ತೂರಿ ಎಲ್ಲವೂ ಈ ಐದು ಪೆಟ್ಟಿಗೆ ಹೊಂದಿಕೊಂಡು ನಡೆಯಬೇಕು. ಯಾರಾದರೂ ಅದಕ್ಕೆ ಅಡ್ಡ ಬಿದ್ದರೆ ಅಲ್ಲಿಯ ವಾದಕರು "ಕ್ರುಸಾದೊ" ಅಂತ ಮುಖ ಸಿಂಡರಿಸುತ್ತಾರೆ. 1955ರಲ್ಲಿ ಮಿಸಿಸಿಪ್ಪಿ ಮೂಲದ ಬೋ ಡಿಡ್ಲಿ ಗಿಟಾರಿನಲ್ಲಿ ಬಾರಿಸಿ ರಾಕ್ ಅಂಡ್ ರೋಲ್‌ಗೆ ಕೊಟ್ಟ ಲಯವೂ ಹೆಚ್ಚುಕಡಿಮೆ ಇದೇ.

ಮೂರನೆಯದು ಎಲ್ಲಕ್ಕಿಂತ ಹಳೆಯ ವಾಸನೆಯದು. "ತಕ ತಕ ತ ತಕ ತಕ ತಕ ತ", ಒಟ್ಟು ಹನ್ನೆರಡು. ಘಾನಾ, ಟೋಗೊದ ಎವೆ ಜನ, ನೈಜೀರಿಯಾದ ಯೊರುಬಾ ಜನ ಇದನ್ನು ಕಬ್ಬಿಣದ ಗಂಟೆಯ ಮೇಲೆ ಬಡಿಯುತ್ತಾರೆ. ಅಟ್ಲಾಂಟಿಕ್ ದಾಟಿ ಕ್ಯೂಬಾದ, ಬ್ರೆಜಿಲ್‌ನ ದೇವರ ಸೇವೆಗಳಲ್ಲೂ ಇದೇ ಗಂಟೆ ಕೇಳುತ್ತದೆ. ಒಂದು ಪೆಟ್ಟೂ ಆಚೀಚೆ ಆಗಿಲ್ಲ. ಬರೆದಿಟ್ಟವರು ಯಾರೂ ಇಲ್ಲ, ಕೈಯಿಂದ ಕೈಗೆ ದಾಟಿದ್ದು.

ಹಾಗಾದರೆ ನಮ್ಮ ತಾಳಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇಲ್ಲ. ಎಣಿಸಲು ಅನುಕೂಲ ಅಂತ ನಮ್ಮ ಅಕ್ಷರ ಬಳಸಿದೆ, ಅಷ್ಟೆ. ಕೆಲಸ ಮಾಡುವ ರೀತಿಯೂ ಬೇರೆ. ನಮ್ಮಲ್ಲಿ ತಾಳ ಅಳತೆ. ಅದನ್ನು ಕೈಯಲ್ಲಿ ಹಾಕಿಕೊಂಡು ಮೃದಂಗದವರು ಅದರೊಳಗೆ ಬೇಕಾದ ಹಾಗೆ ಲೆಕ್ಕ ಆಡುತ್ತಾರೆ. ಅಲ್ಲಿ ಗಂಟೆಯ ಪೆಟ್ಟುಗಳೇ ಎಲ್ಲರಿಗೂ ಕೇಳಿಸುವ ಒಂದು ಸಾಲು. ಅದನ್ನು ನುಡಿಸುವವರು ರಾತ್ರಿಯಿಡೀ ಅಲ್ಲಾಡುವ ಹಾಗಿಲ್ಲ.

ಯುಎಸ್‌ನಲ್ಲಿ ಡೋಲು ಯಾಕೆ ಕಾಣೆಯಾಯಿತು? ಕ್ಯೂಬಾ, ಬ್ರೆಜಿಲ್‌ನಲ್ಲಿ ಯಾಕೆ ಉಳಿಯಿತು?

1739ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕ್ಯಾರೊಲೈನಾದ ಸ್ಟೋನೊ ನದಿಯ ಹತ್ತಿರ ಗುಲಾಮರು ದಂಗೆ ಎದ್ದರು. ಮುಂದೆ ನಿಂತವರು ಕಾಂಗೊ, ಅಂಗೋಲಾ ಕಡೆಯವರು. ಬಾವುಟ ಹಿಡಿದು, ಡೋಲು ಬಾರಿಸುತ್ತಾ ದಕ್ಷಿಣಕ್ಕೆ ನಡೆದರು. ದಂಗೆಯನ್ನು ಹೊಸಕಿಹಾಕಿದ ಮೇಲೆ 1740ರ ಕಾಯ್ದೆ ಬಂತು. ಗುಲಾಮರು ಡೋಲು, ಕೊಂಬು, ಜೋರು ಸದ್ದಿನ ಯಾವ ವಾದ್ಯವನ್ನೂ ಇಟ್ಟುಕೊಳ್ಳಬಾರದು ಅಂತ ಅದರಲ್ಲಿ ಬರೆದರು. ಡೋಲಿನಲ್ಲಿ ಸುದ್ದಿ ಕಳಿಸುತ್ತಾರೆ ಅನ್ನುವ ಭಯ ಮಾಲೀಕರಿಗಿತ್ತು.

ಕಾಯ್ದೆಯೊಂದೇ ಕಾರಣ ಅಂದರೆ ಪೂರ್ತಿ ಆಗುವುದಿಲ್ಲ. ಉತ್ತರ ಅಮೆರಿಕದಲ್ಲಿ ಎಷ್ಟೋ ತೋಟಗಳು ಚಿಕ್ಕವು, ಒಂದು ಭಾಷೆಯವರು ಒಂದೆಡೆ ಸೇರುವುದು ಕಷ್ಟ. ಆಫ್ರಿಕಾದಿಂದ ಹೊಸಬರು ಬರುವುದು 1808ರ ಹೊತ್ತಿಗೆ ಕಾನೂನಿನಲ್ಲಿ ನಿಂತಿತು. ಕ್ಯೂಬಾದಲ್ಲಿ ಹಡಗುಗಳು 1860ರ ದಶಕದವರೆಗೂ ಬಂದವು. ಬ್ರೆಜಿಲ್‌ಗೆ 1850ರ ಆಸುಪಾಸಿನವರೆಗೂ ಬಂದವು, ಅಲ್ಲಿ ಗುಲಾಮಗಿರಿ ಹೋದದ್ದೇ 1888ರಲ್ಲಿ. ಅಂದರೆ ಅಲ್ಲಿ ಡೋಲು ಕಟ್ಟುವುದು, ನುಡಿಸುವುದು ಗೊತ್ತಿದ್ದ ಹೊಸ ಜನ ಬರುತ್ತಲೇ ಇದ್ದರು.

ಇನ್ನೊಂದು ಕಾರಣ ಚರ್ಚು. ಸ್ಪೇನಿನವರು ಕ್ಯೂಬಾದಲ್ಲಿ ಒಂದೊಂದು ಆಫ್ರಿಕನ್ ಜನಾಂಗಕ್ಕೂ "ಕಬಿಲ್ದೊ" ಅನ್ನುವ ಸಂಘ ಕಟ್ಟಿಕೊಳ್ಳಲು ಬಿಟ್ಟರು. ಹೆಸರಿಗೆ ಕ್ಯಾಥೊಲಿಕ್ ಸಂತರ ಭಕ್ತಮಂಡಲಿ, ಒಳಗೆ ತಮ್ಮ ಊರಿನ ದೇವರು, ತಮ್ಮ ಡೋಲು. ಯೊರುಬಾದ ಶಾಂಗೊ ದೇವರು ಅಲ್ಲಿ ಸಂತ ಬಾರ್ಬರಾಳ ಹಿಂದೆ ನಿಂತ. ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಹೀಗೆ ಹಿಂದೆ ನಿಲ್ಲಲು ಸಂತರೇ ಇರಲಿಲ್ಲ.

ಡೋಲು ಕಿತ್ತುಕೊಂಡ ಮೇಲೆ ಏನು ಮಾಡಿದರು?

ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಲಯ ಹೊರಗೆ ಬಂತು, ಕೈಗೆ ಸಿಕ್ಕಿದ ಯಾವ ವಸ್ತುವಿನಿಂದಾದರೂ ಸರಿ.

ಯುಎಸ್‌ನಲ್ಲಿ ಮೈಯೇ ಡೋಲಾಯಿತು. ತೊಡೆ, ಎದೆ, ಅಂಗೈ, ಹಿಮ್ಮಡಿ. ಇದಕ್ಕೆ "ಜೂಬಾ" ಬಡಿಯುವುದು ಅನ್ನುತ್ತಿದ್ದರು. ಜಾರ್ಜಿಯಾ, ದಕ್ಷಿಣ ಕ್ಯಾರೊಲೈನಾ ಕರಾವಳಿಯಲ್ಲಿ "ರಿಂಗ್ ಶೌಟ್" ಹುಟ್ಟಿತು. ಪ್ರಾರ್ಥನೆ ಮುಗಿದ ಮೇಲೆ ಬೆಂಚು ಗೋಡೆಗೆ ಸರಿಸಿ, ವೃತ್ತದಲ್ಲಿ ಎಡಕ್ಕೆ ಸುತ್ತುತ್ತಾ, ಪಾದ ಎಳೆಯುತ್ತಾ ಹಾಡುವುದು. ಕಾಲು ಅಡ್ಡ ಹಾಕಿದರೆ ಕುಣಿತ ಆಗುತ್ತದೆ, ಕುಣಿತ ಪಾಪ. ಹಾಗಾಗಿ ಪಾದ ನೆಲ ಬಿಡುವಂತಿಲ್ಲ. ಒಬ್ಬರು ಪೊರಕೆಯ ಹಿಡಿಯನ್ನು ಮರದ ನೆಲಕ್ಕೆ ಕುಟ್ಟುತ್ತಾ ಕೂರುತ್ತಾರೆ. ಡೋಲಿನ ಕೆಲಸ ಆ ಕೋಲು ಮಾಡುತ್ತದೆ. ಜಾರ್ಜಿಯಾದ ಮ್ಯಾಕಿಂಟಾಷ್ ಕೌಂಟಿಯ ಗುಂಪೊಂದು ಇದನ್ನು ನಮ್ಮ ಕಾಲದವರೆಗೂ ಉಳಿಸಿಕೊಂಡು ಬಂದಿದೆ.

ಪೆರುವಿನಲ್ಲಿ, ಕ್ಯೂಬಾದಲ್ಲಿ ಬಂದರಿನ ಸಾಮಾನು ಪೆಟ್ಟಿಗೆಗಳ ಮೇಲೆ ಕೂತು ಬಡಿದರು. ಪೆರುವಿನ ಆ ಪೆಟ್ಟಿಗೆಯೇ ಕಹೋನ್. 1970ರ ದಶಕದಲ್ಲಿ ಪೆರುವಿನ ಕೈತ್ರೊ ಸೊತೊ ಅದನ್ನು ಸ್ಪೇನಿನ ಗಿಟಾರ್ ವಾದಕ ಪಾಕೊ ದೆ ಲೂಸಿಯಾಗೆ ಕೊಟ್ಟರು. ಅಲ್ಲಿಂದ ಫ್ಲಮೆಂಕೊಗೆ ಹೋಯಿತು, ಅಲ್ಲಿಂದ ಎಲ್ಲ ಕಡೆಗೆ. ಬೆಂಗಳೂರಿನ ಕೆಫೆಗಳಲ್ಲಿ ಗಿಟಾರಿನ ಪಕ್ಕ ಹುಡುಗರು ಕೂತು ಬಾರಿಸುವ ಮರದ ಡಬ್ಬ ಇದೇ.

ಟ್ರಿನಿಡಾಡ್‌ನದ್ದು ಇನ್ನೂ ಸ್ವಾರಸ್ಯ. 1881ರಲ್ಲಿ ಕಾರ್ನಿವಲ್ ಹೊತ್ತಿಗೆ ಪೊಲೀಸರಿಗೂ ಪಂಜು ಹಿಡಿದ ಜನಕ್ಕೂ ಹೊಡೆದಾಟ ಆಯಿತು. 1884ರಲ್ಲಿ ಡೋಲಿಗೆ ಕಡಿವಾಣ ಬಿತ್ತು. ಜನ ಬಿದಿರು ಕಡಿದು ತಂದರು. ದಪ್ಪ ಬೊಂಬನ್ನು ನೆಲಕ್ಕೆ ಕುಟ್ಟಿದರೆ ಮಂದ್ರ, ಸಣ್ಣದನ್ನು ಕೋಲಿನಿಂದ ಹೊಡೆದರೆ ತಾರ. ಇದಕ್ಕೆ "ತಂಬೂ ಬಾಂಬೂ" ಅಂತ ಹೆಸರು. 1930ರ ದಶಕದ ಕೊನೆಗೆ ಬಿಸ್ಕತ್ ಡಬ್ಬ, ಬಣ್ಣದ ಡಬ್ಬ, ಗಾಡಿಯ ಬಿಡಿಭಾಗ ಬಂದವು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಎಣ್ಣೆ ಬ್ಯಾರೆಲ್. ಟ್ರಿನಿಡಾಡ್‌ನಲ್ಲಿ ತೈಲ ಬಾವಿಗಳಿವೆ, ಬ್ಯಾರೆಲ್‌ಗೆ ಬರ ಇಲ್ಲ. ಅದರ ತಳವನ್ನು ಸುತ್ತಿಗೆಯಿಂದ ಹೊಡೆದು ಬಟ್ಟಲಿನಂತೆ ತಗ್ಗಿಸಿ, ಅದರ ಮೇಲೆ ಒಂದೊಂದು ಸ್ವರಕ್ಕೆ ಒಂದೊಂದು ಉಬ್ಬು ಎಬ್ಬಿಸುತ್ತಾರೆ. ಸ್ಟೀಲ್‌ಪ್ಯಾನ್ ಹುಟ್ಟಿದ್ದು ಹಾಗೆ. ವಿನ್‌ಸ್ಟನ್ ಸೈಮನ್, ಎಲಿ ಮ್ಯಾನೆಟ್ ಮುಂತಾದ ಹುಡುಗರು ಓಣಿಯಲ್ಲಿ ಬಡಿದು ಬಡಿದು ಕಂಡುಕೊಂಡದ್ದು. ಶುರುವಿನಲ್ಲಿ ಪ್ಯಾನ್ ನುಡಿಸುವವರೆಂದರೆ ಪುಂಡರು ಅಂತ ಮನೆಗಳಲ್ಲಿ ಬೈಯುತ್ತಿದ್ದರು. 1992ರಲ್ಲಿ ಅದೇ ರಾಷ್ಟ್ರೀಯ ವಾದ್ಯ ಆಯಿತು.

ಜಾಝ್ ಕಾಂಗೊ ಸ್ಕ್ವೇರ್‌ನಲ್ಲಿ ಹುಟ್ಟಿತಂತೆ, ನಿಜವಾ?

ಅರ್ಧ ನಿಜ. ನ್ಯೂ ಆರ್ಲಿಯನ್ಸ್‌ನಲ್ಲಿ 1817ರ ನಗರ ಕಾನೂನು ಗುಲಾಮರ ಕುಣಿತವನ್ನು ಭಾನುವಾರಕ್ಕೆ, ಮೇಯರ್ ತೋರಿಸಿದ ಜಾಗಕ್ಕೆ ಸೀಮಿತ ಮಾಡಿತು. ಆ ಬಯಲೇ ಕಾಂಗೊ ಸ್ಕ್ವೇರ್. 1819ರಲ್ಲಿ ವಾಸ್ತುಶಿಲ್ಪಿ ಬೆಂಜಮಿನ್ ಲಾಟ್ರೋಬ್ ಅಲ್ಲಿ ಹೋದಾಗ ಐದಾರು ನೂರು ಜನ ವೃತ್ತ ವೃತ್ತವಾಗಿ ಸೇರಿದ್ದರು. ಡೋಲಿನ ಮೇಲೆ ಕಾಲು ಅಗಲಿಸಿ ಕೂತು ಬಾರಿಸುವ ಮುದುಕ, ಸೋರೆಬುರುಡೆಯ ತಂತಿವಾದ್ಯ ಎಲ್ಲವನ್ನೂ ಡೈರಿಯಲ್ಲಿ ಚಿತ್ರ ಸಮೇತ ಬರೆದಿಟ್ಟ. ಅವನಿಗೆ ಆ ಸಂಗೀತ ಒಂಚೂರೂ ಹಿಡಿಸಲಿಲ್ಲ, ಆದರೂ ನಮಗೆ ಉಪಕಾರ ಮಾಡಿ ಹೋದ.

ಜಾಝ್ ಕಾಣಿಸಿಕೊಂಡದ್ದು 1900ರ ಆಸುಪಾಸಿನಲ್ಲಿ. ಅಷ್ಟು ಹೊತ್ತಿಗೆ ಬಯಲಿನ ಕುಣಿತ ನಿಂತು ಎಷ್ಟೋ ದಶಕ ಆಗಿತ್ತು. ನಡುವೆ ಚರ್ಚು, ಮಿಲಿಟರಿ ಬ್ಯಾಂಡಿನ ಹಿತ್ತಾಳೆ ವಾದ್ಯಗಳು, ರ‍್ಯಾಗ್‌ಟೈಮ್, ಬ್ಲೂಸ್ ಎಲ್ಲ ಬಂದವು. ಹೈಟಿಯ ಕ್ರಾಂತಿಯಿಂದ ಓಡಿಬಂದು, ಕ್ಯೂಬಾದಲ್ಲಿ ಕೆಲ ಕಾಲ ಇದ್ದು, 1809ರಲ್ಲಿ ನ್ಯೂ ಆರ್ಲಿಯನ್ಸ್‌ಗೆ ಇಳಿದ ಸುಮಾರು 9,000 ಜನರದ್ದೂ ದೊಡ್ಡ ಪಾಲು. ಜೆಲ್ಲಿ ರೋಲ್ ಮಾರ್ಟನ್ ಅಂತೂ ತನ್ನ ಪಿಯಾನೊದ ಎಡಗೈಯಲ್ಲಿ ನುಡಿಸುತ್ತಿದ್ದ "ಸ್ಪ್ಯಾನಿಷ್ ಛಾಯೆ" (ಅಂದರೆ ಕ್ಯೂಬಾದ ಹಬನೇರಾ ಲಯ) ಇಲ್ಲದಿದ್ದರೆ ಜಾಝ್‌ಗೆ ರುಚಿಯೇ ಇಲ್ಲ ಅನ್ನುತ್ತಿದ್ದ.

ಬ್ಯಾಂಜೊ ಬಿಳಿಯರ ಹಳ್ಳಿವಾದ್ಯ ಅಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ವಾದ್ಯವನ್ನು ಬಿಚ್ಚಿ ನೋಡೋಣ. ಹಳೆಯ ಬ್ಯಾಂಜೊ ಅಂದರೆ ಸೋರೆಬುರುಡೆ, ಅದರ ಬಾಯಿಗೆ ಬಿಗಿದ ಚರ್ಮ, ಬುರುಡೆಯನ್ನು ತೂರಿ ಹೋಗುವ ಕೋಲು, ಮತ್ತು ಒಂದು ಗಿಡ್ಡ ತಂತಿ. ಸೆನೆಗಲ್, ಗ್ಯಾಂಬಿಯಾದ ಜೋಲಾ ರೈತರ ಅಕೊಂಟಿಂಗ್‌ನಲ್ಲಿ ಇದಿಷ್ಟೂ ಇದೆ. ನುಡಿಸುವ ಕೈಯೂ ಅದೇ: ಬೆರಳಿನ ಉಗುರು ಉದ್ದ ತಂತಿಯನ್ನು ಮೇಲಿಂದ ಕೆಳಕ್ಕೆ ಹೊಡೆಯುತ್ತದೆ, ಹೆಬ್ಬೆರಳು ಗಿಡ್ಡ ತಂತಿಯನ್ನು ಮಿಡಿಯುತ್ತದೆ. ಅಪಲಾಚಿಯನ್ ಬೆಟ್ಟಗಳ ಹಳೇ ಶೈಲಿಯ ಬ್ಯಾಂಜೊ ವಾದಕರ ಕೈ ನೋಡಿದರೆ ಬೆರಗಾಗುತ್ತದೆ.

1680ರ ದಶಕದಲ್ಲೇ ಜಮೈಕಾದಲ್ಲಿ ಇಂಥ ಬುರುಡೆ ವಾದ್ಯಗಳನ್ನು ವೈದ್ಯ ಹ್ಯಾನ್ಸ್ ಸ್ಲೋನ್ ಕಂಡ. 1707ರಲ್ಲಿ ಚಿತ್ರ ಸಮೇತ ಅಚ್ಚು ಹಾಕಿಸಿದ. 1840ರ ದಶಕದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಮಿನ್‌ಸ್ಟ್ರೆಲ್ ಆಟಗಳು ಶುರುವಾದವು. ಬ್ಯಾಂಜೊ ಆ ಆಟಗಳ ಮುಖ್ಯ ವಾದ್ಯ ಆಯಿತು. ವರ್ಜೀನಿಯಾದ ಜೋಯೆಲ್ ಸ್ವೀನಿ ಕಪ್ಪು ವಾದಕರಿಂದಲೇ ಕಲಿತು ವೇದಿಕೆಗೆ ತಂದವನು. ಅಣಕದ ವಾದ್ಯ ಅನ್ನುವ ಹೆಸರು ಅಂಟಿದ ಮೇಲೆ ಕಪ್ಪು ಕುಟುಂಬಗಳು ಕ್ರಮೇಣ ಅದರಿಂದ ದೂರ ಸರಿದವು. ಈಗ ರಿಯಾನನ್ ಗಿಡೆನ್ಸ್‌ನಂಥವರು ಅದನ್ನು ಮತ್ತೆ ಕೈಗೆ ತೆಗೆದುಕೊಂಡಿದ್ದಾರೆ. ಅವರು ಕಲಿತದ್ದು ಉತ್ತರ ಕ್ಯಾರೊಲೈನಾದ ಹಿರಿಯ ಕಪ್ಪು ಪಿಟೀಲುವಾದಕ ಜೋ ಥಾಮ್ಸನ್ ಅವರ ಮನೆಯಲ್ಲಿ ಕೂತು.

ಬ್ಲೂಸ್ ಮಾಲಿಯಿಂದ ಬಂತಾ?

ನೇರವಾಗಿ ಅಲ್ಲ. ಬ್ಲೂಸ್ ಹುಟ್ಟಿದ್ದು ಯುಎಸ್‌ನ ದಕ್ಷಿಣದಲ್ಲೇ, ಗುಲಾಮಗಿರಿ ಹೋದ ಮೇಲಿನ ಹೊಲಗಳಲ್ಲಿ, ಜೈಲುಗಳಲ್ಲಿ, ರೈಲು ಹಳಿಗಳ ಪಕ್ಕದಲ್ಲಿ. ಆದರೆ ಅದರ ಗಂಟಲು ಸಹಾರಾದ ಕೆಳಗಿನ ಒಣ ಪ್ರದೇಶದ್ದು ಅನ್ನುವವರಿದ್ದಾರೆ. ಆಸ್ಟ್ರಿಯಾದ ವಿದ್ವಾಂಸ ಗೆರ್ಹಾರ್ಡ್ ಕುಬಿಕ್ ಇದನ್ನು ವಿವರವಾಗಿ ಬರೆದಿದ್ದಾರೆ. ಒಬ್ಬರೇ ಹಾಡುವುದು, ಸ್ವರವನ್ನು ಜಾರಿಸಿ ಎಳೆಯುವುದು, ತಂತಿವಾದ್ಯ ಹಾಡನ್ನೇ ಹಿಂಬಾಲಿಸುವುದು, ಡೋಲಿನ ಗದ್ದಲ ಇಲ್ಲದಿರುವುದು. ಇವು ಆ ಕಡೆ ಶತಮಾನಗಳಿಂದ ಇವೆ. ಅಲ್ಲಿ ಇಸ್ಲಾಂ ಬಂದು ಬಹಳ ಕಾಲ ಆಗಿತ್ತು, ಸ್ವರ ಎಳೆಯುವುದರಲ್ಲಿ ಅದರ ಛಾಯೆಯೂ ಇದೆ. ಡೋಲಿಗೆ ಕಡಿವಾಣ ಇದ್ದ ನಾಡಿನಲ್ಲಿ ಇಂಥ ಸಂಗೀತಕ್ಕೆ ಜಾಗ ಸಿಕ್ಕಿತು.

ಮಿಸಿಸಿಪ್ಪಿಯ ಮಕ್ಕಳು ಪೊರಕೆಯ ತಂತಿ ಬಿಚ್ಚಿ ಗೋಡೆಗೆ ಮೊಳೆ ಹೊಡೆದು ಬಿಗಿದು, ಬಾಟಲಿ ಉಜ್ಜಿ ನುಡಿಸುತ್ತಿದ್ದ ಒಂಟಿ ತಂತಿಯ ವಾದ್ಯಕ್ಕೂ ಆಫ್ರಿಕಾದಲ್ಲಿ ಬಂಧುಗಳಿವೆ. ಎಷ್ಟೋ ಗಿಟಾರ್ ವಾದಕರ ಮೊದಲ ಪಾಠ ಆ ಗೋಡೆಯ ಮೇಲೇ ಆಯಿತು.

ಮಾಲಿಯ ಅಲಿ ಫರ್ಕಾ ತುರೆ ಅವರ ಗಿಟಾರ್ ಕೇಳಿ "ಇದು ಬ್ಲೂಸ್‌ನ ತಾಯಿ" ಅಂತ ಹೇಳುವುದು ಸುಲಭ. ನೆನಪಿಡಿ, ಅವರು ಯುಎಸ್‌ನ ಬ್ಲೂಸ್ ಗಾಯಕ ಜಾನ್ ಲೀ ಹೂಕರ್ ಅವರನ್ನು ರೆಕಾರ್ಡಿನಲ್ಲಿ ಕೇಳಿದ ಮೇಲೆ ನುಡಿಸಿದವರು. ಪ್ರಭಾವ ಎರಡೂ ಕಡೆಗೆ ಹರಿದಿದೆ.

ಒಂದು ಹಾಡು ಮಾತು ಸಮೇತ ಉಳಿದ ಉದಾಹರಣೆ ಇದೆಯಾ?

ಇದೆ, ಮೈ ಜುಂ ಅನ್ನಿಸುವಂಥದ್ದು. 1930ರ ದಶಕದ ಆರಂಭದಲ್ಲಿ ಭಾಷಾವಿದ್ವಾಂಸ ಲೊರೆಂಜೊ ಟರ್ನರ್ ಜಾರ್ಜಿಯಾ ಕರಾವಳಿಯ ಹ್ಯಾರಿಸ್ ನೆಕ್ ಹಳ್ಳಿಯಲ್ಲಿ ಅಮೀಲಿಯಾ ಡಾಲಿ ಅನ್ನುವ ಹೆಂಗಸಿನ ಹಾಡು ಮುದ್ರಿಸಿಕೊಂಡರು. ಐದಾರು ಸಾಲಿನ ಹಾಡು. ಹಾಡಿದವರಿಗೇ ಅರ್ಥ ಗೊತ್ತಿಲ್ಲ. ಮಕ್ಕಳನ್ನು ರಂಜಿಸಲು ಹಾಡುತ್ತಿದ್ದರು. ಸಿಯೆರಾ ಲಿಯೋನ್‌ನ ವಿದ್ಯಾರ್ಥಿಯೊಬ್ಬರು ಕೇಳಿ, ಇದು ಮೆಂಡೆ ಭಾಷೆ ಅಂದರು.

ದಶಕಗಳ ನಂತರ ಜೋಸೆಫ್ ಒಪಾಲಾ, ಸಿಂಥಿಯಾ ಸ್ಮಿಟ್, ತಝಿಯೆಫ್ ಕೊರೋಮಾ ಆ ಮುದ್ರಣ ಹಿಡಿದು ಸಿಯೆರಾ ಲಿಯೋನ್‌ನಲ್ಲಿ ಹುಡುಕಿದರು. ಸೆನೆಹುನ್ ಎನ್‌ಗೋಲಾ ಹಳ್ಳಿಯ ಬೈಂಡು ಜಬಾಟಿ ಅನ್ನುವವರಿಗೆ ಹೆಚ್ಚುಕಡಿಮೆ ಅದೇ ಹಾಡು ಗೊತ್ತಿತ್ತು. ಅಲ್ಲಿ ಅದು ಸಮಾಧಿಯ ಹತ್ತಿರ ಹಾಡುವ ಸಾವಿನ ಹಾಡು, ಹೆಂಗಸರದ್ದು. ಅಜ್ಜಿ ಕಲಿಸುವಾಗ, ಹೋದವರು ಯಾವತ್ತಾದರೂ ತಿರುಗಿ ಬಂದರೆ ಈ ಹಾಡಿನಿಂದ ಗುರುತು ಹಿಡಿಯಬಹುದು ಅಂತ ಹೇಳಿದ್ದರಂತೆ. 1997ರಲ್ಲಿ ಅಮೀಲಿಯಾ ಅವರ ಮಗಳು ಮೇರಿ ಮೊರಾನ್ ಕುಟುಂಬದ ಜೊತೆ ಆ ಹಳ್ಳಿಗೆ ಹೋದರು.

ಇಂಥ ಉದಾಹರಣೆ ಅಪರೂಪ. ಎಲ್ಲ ಹಾಡಿಗೂ ಇಂಥ ನೇರ ದಾರ ಸಿಗುತ್ತದೆ ಅಂತ ಹುಡುಕಲು ಹೋದರೆ ನಿರಾಸೆಯಾಗುತ್ತದೆ.

ದೇವರ ಸೇವೆಗೂ ಈ ಸಂಗೀತಕ್ಕೂ ಅಷ್ಟು ನಂಟು ಯಾಕೆ?

ಏಕೆಂದರೆ ದೇವರನ್ನು ಮೈಮೇಲೆ ಕರೆಯುವುದೇ ಡೋಲಿನ ಕೆಲಸ. ಕ್ಯೂಬಾದ ಸಾಂತೆರಿಯಾ, ಬ್ರೆಜಿಲ್‌ನ ಕಾಂದೊಂಬ್ಲೆ, ಹೈಟಿಯ ವೊಡೂ ಮೂರರಲ್ಲೂ ಒಂದೊಂದು ದೇವರಿಗೆ ಒಂದೊಂದು ಲಯ ಇದೆ. ನಮ್ಮ ಕರಾವಳಿಯ ಕೋಲ ನೋಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಕ್ಯೂಬಾದ ಬಟಾ ಮೂರು ಡೋಲುಗಳ ಕುಟುಂಬ: ಇಯಾ, ಇತೋತೆಲೆ, ಒಕೋಂಕೊಲೊ. ತೊಡೆಯ ಮೇಲೆ ಅಡ್ಡ ಇಟ್ಟು ಎರಡೂ ಮುಖ ನುಡಿಸುತ್ತಾರೆ. ಪ್ರತಿಷ್ಠೆ ಮಾಡಿದ ಬಟಾವನ್ನು ದೀಕ್ಷೆ ಪಡೆದವರು ಮಾತ್ರ ಮುಟ್ಟಬೇಕು. 1936ರಲ್ಲಿ ವಿದ್ವಾಂಸ ಫರ್ನಾಂಡೊ ಒರ್ತಿಸ್ ಹವಾನಾದಲ್ಲಿ ಅವನ್ನು ಮೊದಲ ಬಾರಿ ಸಾರ್ವಜನಿಕರ ಮುಂದೆ ನುಡಿಸಲು ಏರ್ಪಾಟು ಮಾಡಿದಾಗ, ಅದಕ್ಕೆಂದೇ ಪ್ರತಿಷ್ಠೆ ಮಾಡದ ಬೇರೆ ಡೋಲುಗಳನ್ನು ಕಟ್ಟಿಸಬೇಕಾಯಿತು.

"ಕಪ್ಪು ಜನರಿಗೆ ಲಯ ರಕ್ತದಲ್ಲೇ ಇದೆ" ಅನ್ನುತ್ತಾರಲ್ಲ?

ಸುಳ್ಳು. ಹೊಗಳಿಕೆಯ ವೇಷ ಹಾಕಿದ ಸುಳ್ಳು. ಬಟಾ ಕಲಿಯಲು ವರ್ಷಗಟ್ಟಲೆ ಬೇಕು. ರಕ್ತ ಅಂದುಬಿಟ್ಟರೆ ಕಲಿಸಿದವರ, ಕಲಿತವರ ಶ್ರಮಕ್ಕೆ ಲೆಕ್ಕವೇ ಇಲ್ಲದಂತಾಗುತ್ತದೆ.

ಸಾಂಬಾ ಶುರುವಾದದ್ದು ಕಾರ್ನಿವಲ್‌ನಲ್ಲಾ?

ಮನೆಯ ಹಿತ್ತಲಲ್ಲಿ. ಗುಲಾಮಗಿರಿ ಹೋಗುವ ಹೊತ್ತಿಗೆ ಬ್ರೆಜಿಲ್‌ನ ಬಹಿಯಾ ಪ್ರಾಂತ್ಯದಿಂದ ಬಹಳ ಕಪ್ಪು ಕುಟುಂಬಗಳು ರಿಯೊಗೆ ಬಂದವು. ಅವರಲ್ಲಿ ಒಬ್ಬರು ಟಿಯಾ ಸಿಯಾತಾ. ಬೀದಿಯಲ್ಲಿ ಸಿಹಿತಿಂಡಿ ಮಾರುತ್ತಿದ್ದರು, ಕಾಂದೊಂಬ್ಲೆಯ ಹಿರಿಯರೂ ಹೌದು. ಪ್ರಾಸಾ ಒಂಜೆ ಹತ್ತಿರದ ಅವರ ಮನೆಯಲ್ಲಿ ಮುಂದಿನ ಕೋಣೆಯಲ್ಲಿ ಮರ್ಯಾದಸ್ಥ ಸಂಗೀತ, ಹಿಂದೆ ಸಾಂಬಾ ಅಂತ ಹೇಳುತ್ತಾರೆ. ಪೊಲೀಸರು ಬಂದರೆ ಮುಂದಿನ ಕೋಣೆಯೇ ಕಾಣಲಿ ಅಂತ. ಪಾಂದೇರೊ (ಗೆಜ್ಜೆಬಿಲ್ಲೆಗಳ ಕೈದಮ್ಮಡಿ) ಹಿಡಿದು ನಡೆದರೂ ಆಗ ಪೊಲೀಸರು ಕಿತ್ತುಕೊಳ್ಳುತ್ತಿದ್ದರು. 1890ರ ದಂಡಸಂಹಿತೆಯಲ್ಲಿ ಕಪೊಯೆರಾ ಅಪರಾಧ.

ಆ ಮನೆಯ ಬಳಗದ ದೊಂಗಾ 1916ರಲ್ಲಿ ತನ್ನ ಹೆಸರಿಗೆ ಒಂದು ಹಾಡು ನೋಂದಾಯಿಸಿದರು, 1917ರ ಕಾರ್ನಿವಲ್‌ನಲ್ಲಿ ಅದು ಊರೆಲ್ಲ ಹರಡಿತು. ಹಾಡು ಎಲ್ಲರೂ ಸೇರಿ ಕಟ್ಟಿದ್ದು ಅಂತ ಜಗಳವೂ ಆಯಿತು. 1928ರಲ್ಲಿ ಎಸ್ತಾಸಿಯೊ ಬಡಾವಣೆಯಲ್ಲಿ ಮೊದಲ ಸಾಂಬಾ ಶಾಲೆ. ಆ ದೊಡ್ಡ ಸುರ್ದೊ ಡೋಲನ್ನು ಮೊದಲು ಬೆಣ್ಣೆಯ ದೊಡ್ಡ ಡಬ್ಬದಿಂದ ಮಾಡಿದ್ದಂತೆ. 1930ರ ದಶಕದಲ್ಲಿ ಸರ್ಕಾರವೇ ಸಾಂಬಾವನ್ನು ದೇಶದ ಹೆಮ್ಮೆ ಅಂತ ಮೆರೆಸಿತು. ಕಿತ್ತುಕೊಂಡವರೇ ಕೊಂಡಾಡಿದ ಈ ಕಥೆ ಟ್ರಿನಿಡಾಡ್‌ನಲ್ಲೂ ನೋಡಿದಿರಿ.

ಎಲ್ಲವೂ ಆಫ್ರಿಕಾದ್ದೇ ಅಂತ ಹೇಳುತ್ತಿದ್ದೀರಾ?

ಇಲ್ಲ. ಗಿಟಾರ್, ಪಿಯಾನೊ, ಹಿತ್ತಾಳೆ ವಾದ್ಯ, ಚರ್ಚಿನ ಕೀರ್ತನೆ, ಹಲವು ಸ್ವರ ಒಟ್ಟಿಗೆ ನುಡಿಸುವ ಕಾರ್ಡ್ (chord) ಪದ್ಧತಿ, ಸ್ಪ್ಯಾನಿಷ್ ಪದ್ಯದ ಅಳತೆ ಎಲ್ಲ ಯುರೋಪಿನವು. ಕೊಲಂಬಿಯಾದ ಕುಂಬಿಯಾದಲ್ಲಿ ಉದ್ದನೆಯ ಕೊಳಲು ಮೂಲನಿವಾಸಿಗಳದ್ದು, ಡೋಲು ಆಫ್ರಿಕಾದ್ದು, ಭಾಷೆ ಸ್ಪೇನಿನದ್ದು. ಇವು ಬೆರೆತದ್ದು ಸಮಾನರ ನಡುವೆ ಅಲ್ಲ ಅನ್ನುವುದನ್ನಷ್ಟೇ ಮರೆಯಬಾರದು. ಜಾಝ್ ಅಂತ ಮಾರಾಟವಾದ ಮೊದಲ ರೆಕಾರ್ಡ್ 1917ರದ್ದು, ನುಡಿಸಿದವರೆಲ್ಲ ಬಿಳಿಯರು. ಕಪ್ಪು ಗಾಯಕಿ ಮೇಮಿ ಸ್ಮಿತ್ ಅವರ ಬ್ಲೂಸ್ ರೆಕಾರ್ಡ್ 1920ರಲ್ಲಿ ಬಿಸಿದೋಸೆಯಂತೆ ಮಾರಿಹೋದ ಮೇಲೆಯೇ ಕಂಪನಿಗಳು ಕಪ್ಪು ಕಲಾವಿದರ ಕಡೆ ತಿರುಗಿದ್ದು.

ರ‍್ಯಾಪ್ ಕೂಡ ಆಫ್ರಿಕಾದ ಕಥೆಗಾರರಿಂದ ಬಂತಾ?

ಹಾಗೆ ಹೇಳಲು ಚೆನ್ನಾಗಿರುತ್ತದೆ, ಆದರೆ ದಾರಿ ಅಷ್ಟು ನೇರ ಇಲ್ಲ. ಕಾಣುವ ದಾರಿ ಜಮೈಕಾ ಮೂಲಕ. ಕಿಂಗ್‌ಸ್ಟನ್‌ನ ಬೀದಿಗಳಲ್ಲಿ ದೊಡ್ಡ ಸ್ಪೀಕರ್ ಪೇರಿಸಿ, ರೆಕಾರ್ಡಿನ ಮೇಲೆ ಮಾತು ಹೊಸೆಯುವ ಪದ್ಧತಿ ಇತ್ತು. ಅಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್ 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ಪಾರ್ಟಿ ನಡೆಸಿದರು. ಹಿಪ್‌ಹಾಪ್‌ನ ಹುಟ್ಟುಹಬ್ಬ ಅಂತ ಆಚರಿಸುವುದು ಆ ದಿನವನ್ನೇ. ಹಾಡಿನಲ್ಲಿ ಡ್ರಮ್ ಮಾತ್ರ ಉಳಿಯುವ ಭಾಗವನ್ನು ಎರಡು ರೆಕಾರ್ಡ್ ಇಟ್ಟು ಮತ್ತೆ ಮತ್ತೆ ತಿರುಗಿಸಿದರು.

ಈ ಸಂಗೀತ ಆಫ್ರಿಕಾಕ್ಕೆ ವಾಪಸ್ ಹೋಯಿತಾ?

ಹೋಯಿತು, ಬಹಳ ಬೇಗ. ಜಮೈಕಾದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಗಡೀಪಾರಾದ ಮರೂನ್ ಜನ (ತೋಟಗಳಿಂದ ತಪ್ಪಿಸಿಕೊಂಡ ಗುಲಾಮರ ವಂಶದವರು) 1800ರಲ್ಲಿ ಸಿಯೆರಾ ಲಿಯೋನ್‌ನ ಫ್ರೀಟೌನ್‌ಗೆ ಬಂದಿಳಿದರು. ಜೊತೆಗೆ ಅವರ ಗುಂಬೆ ಡೋಲು ಬಂತು. ಕಾಲುಗಳಿರುವ ಚೌಕ ಡೋಲು. ಅಲ್ಲಿಂದ ಪಶ್ಚಿಮ ಆಫ್ರಿಕಾದ ಎಷ್ಟೋ ಊರಿಗೆ ಹರಡಿತು.

1930ರ ದಶಕದಿಂದ ಕ್ಯೂಬಾದ ಹಾಡುಗಳ 78 ಆರ್‌ಪಿಎಂ ರೆಕಾರ್ಡುಗಳು ಕಾಂಗೊ ತಲುಪಿದವು. ಅಲ್ಲಿಯವರಿಗೆ ಭಾಷೆ ಅರ್ಥ ಆಗದಿದ್ದರೂ ಲಯ ಮನೆಯದ್ದೇ ಅನ್ನಿಸಿತು. ಪಿಯಾನೊ ನುಡಿಸುತ್ತಿದ್ದ ಭಾಗವನ್ನು ಗಿಟಾರಿಗೆ ಇಳಿಸಿ, ತಮ್ಮ ಲಿಂಗಾಲಾ ಭಾಷೆಯಲ್ಲಿ ಹಾಡಿ, ಕಾಂಗೊ ರುಂಬಾ ಕಟ್ಟಿದರು. ಕ್ಯೂಬಾದ ರುಂಬಾ 2016ರಲ್ಲಿ, ಕಾಂಗೊದ್ದು 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ನೈಜೀರಿಯಾದ ಫೆಲಾ ಕುಟಿ 1969ರಲ್ಲಿ ಲಾಸ್ ಏಂಜಲೀಸ್‌ನಲ್ಲಿದ್ದು ಬಂದ ಮೇಲೆ ಅವರ ಆಫ್ರೊಬೀಟ್ ಗಟ್ಟಿಯಾಯಿತು.

ಭಾರತೀಯರಿಗೆ, ಕನ್ನಡದವರಿಗೆ ಇದರಲ್ಲಿ ಏನಾದರೂ ಪಾಲಿದೆಯಾ?

ಟ್ರಿನಿಡಾಡ್‌ನಲ್ಲಿದೆ. 1845ರಿಂದ 1917ರವರೆಗೆ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರು ಕೂಲಿಗಳನ್ನು ಒಯ್ದರು. ಹೆಚ್ಚಿನವರು ಭೋಜ್‌ಪುರಿ ಸೀಮೆಯವರು, ಕೆಲವರು ಮದ್ರಾಸ್ ಬಂದರಿನಿಂದ ಹೋದವರು. 1970ರ ದಶಕದಲ್ಲಿ ಅಲ್ಲಿಯ ಗಾಯಕ ಲಾರ್ಡ್ ಶಾರ್ಟಿ ಕ್ಯಾಲಿಪ್ಸೊ ಅನ್ನುವ ಕಾರ್ನಿವಲ್ ಹಾಡಿಗೆ ಧೋಲಕ್, ಧಂತಾಲ್ (ಬಡಿದು ನುಡಿಸುವ ಕಬ್ಬಿಣದ ಕೋಲು) ಸೇರಿಸಿದ್ದು ಸೋಕಾ ಅನ್ನುವ ಹೊಸ ಬಗೆ ಹುಟ್ಟಲು ಒಂದು ಕಾರಣ. ಆಮೇಲೆ ಚಟ್ನಿ ಸೋಕಾ ಅಂತಲೇ ಒಂದು ಬಗೆ ಬಂತು.

ಕರ್ನಾಟಕದಲ್ಲಿ ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿ ಸಮುದಾಯ ಇದೆ. ಅವರ ಹಿರಿಯರಲ್ಲಿ ಬಹಳಷ್ಟು ಜನ ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರ ಮೂಲಕ ಗೋವಾಕ್ಕೆ ಗುಲಾಮರಾಗಿ ಬಂದವರು. ಅವರ ಡಮಾಮಿ ಕುಣಿತ, ಡೋಲು ಇವತ್ತಿಗೂ ಜೀವಂತ. ಇದು ಬೇರೆ ಸಮುದ್ರದ ಬೇರೆ ಕಥೆ. ಬ್ರೆಜಿಲ್ ಜೊತೆ ಸುಮ್ನೆ ಗಂಟು ಹಾಕಬೇಕಿಲ್ಲ, ಅದಕ್ಕೇ ಪ್ರತ್ಯೇಕ ಪುಟ ಬೇಕು.

ಕೇಳಲು ಎಲ್ಲಿಂದ ಶುರು ಮಾಡಲಿ?

ಕ್ಯೂಬಾದ ಲೋಸ್ ಮುನ್ಯೆಕಿತೋಸ್ ದೆ ಮತಾನ್ಸಾಸ್ ತಂಡದಿಂದ. ಬರೀ ಡೋಲು, ಕೋಲು, ಗಂಟಲು, ಬೇರೇನೂ ಇಲ್ಲ. ಮೊದಲ ಸಲ ಕ್ಲಾವೆಯ ಐದು ಪೆಟ್ಟನ್ನು ಮಾತ್ರ ಹಿಂಬಾಲಿಸಿ. ಎರಡನೇ ಸಲ ಡೋಲುಗಳಲ್ಲಿ ಯಾವುದು ತಿರುಗಿ ತಿರುಗಿ ಒಂದೇ ಮಾತು ಆಡುತ್ತಿದೆ, ಯಾವುದು ಹೊಸ ಮಾತು ಆಡುತ್ತಿದೆ ಅಂತ ಬೇರೆ ಮಾಡಿ. ರುಂಬಾದಲ್ಲಿ ಮನಸ್ಸಿಗೆ ಬಂದಂತೆ ಮಾತಾಡುವುದು ಎತ್ತರದ ಸ್ವರದ ಡೋಲು, ಕಿಂತೊ. ಕಾಂದೊಂಬ್ಲೆ, ಬಟಾ ಮೇಳಗಳಲ್ಲಿ ಉಲ್ಟಾ: ದಪ್ಪ ದನಿಯ ದೊಡ್ಡ ಡೋಲೇ ಯಜಮಾನ.

ಆಮೇಲೆ ಜಾರ್ಜಿಯಾದ ಮ್ಯಾಕಿಂಟಾಷ್ ಕೌಂಟಿ ಶೌಟರ್ಸ್, ಮಿಸಿಸಿಪ್ಪಿಯ ಓಥಾ ಟರ್ನರ್ ಅವರ ಬಿದಿರು ಕೊಳಲು ಮತ್ತು ಡೋಲು, ಕೊಲಂಬಿಯಾದ ತೊತೊ ಲಾ ಮೊಂಪೊಸಿನಾ, ಪೆರುವಿನ ಸುಸಾನಾ ಬಾಕಾ, ಬೆಲೀಜ್‌ನ ಗರಿಫುನಾ ಸಮುದಾಯದ ಗಾಯಕ ಆಂಡಿ ಪಲಾಸಿಯೊ. ಯಾವ ಕ್ರಮದಲ್ಲಾದರೂ ಕೇಳಿ. ಫೋನಿನ ಸ್ಪೀಕರ್ ಮಾತ್ರ ಬೇಡ. ಅದರಲ್ಲಿ ದೊಡ್ಡ ಡೋಲಿನ ದನಿ ಬರುವುದೇ ಇಲ್ಲ, ಅರ್ಧ ಸಂಭಾಷಣೆ ಕೇಳಿದಂತಾಗುತ್ತದೆ.